ವೋಚರ್ ಹಾಕಿದ ದುಡ್ಡು ಕ್ಯಾಸಿನೊದಿಂದ ವಾಪಸ್ ಬರುತ್ತಿಲ್ಲವೇ? ತಡ ಎಲ್ಲಿ, ಕಡಿತ ಎಲ್ಲಿ, ಏನು ಮಾಡಬೇಕು

ಹೋದ ತಿಂಗಳು ಒಂದು ಭಾನುವಾರ ವಿಜಯನಗರದ ದರ್ಶಿನಿಯೊಂದರಲ್ಲಿ ನಮ್ಮ ಅಕ್ಕನ ಮಗ ಸೆಟ್ ದೋಸೆ ಮುರಿಯುತ್ತಾ, "ಮಾಮ, ಒಂದು ವಿಷಯ ಇದೆ, ಅಮ್ಮನಿಗೆ ಮಾತ್ರ ಹೇಳಬೇಡ" ಅಂದ. ಆನ್‌ಲೈನ್ ಕ್ಯಾಸಿನೊ ಒಂದಕ್ಕೆ ಪ್ರಿಪೇಯ್ಡ್ ವೋಚರ್ ಹಾಕಿದ್ದಾನೆ. ಸೋತೂ ಇಲ್ಲ, ಅದೇ ತಮಾಷೆ. ದುಡ್ಡು ಅಕೌಂಟಿನಲ್ಲಿ ಕಾಣುತ್ತಿದೆ, ಹೊರಗೆ ಮಾತ್ರ ಬರುತ್ತಿಲ್ಲ. ಹದಿನೆಂಟು ದಿನದಿಂದ 'ಪೆಂಡಿಂಗ್'. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತಾರಲ್ಲ, ಹಾಗೆ.

ನಾನು ಹತ್ತು ವರ್ಷ ಪೇಮೆಂಟ್ ಕಂಪನಿಯೊಂದರಲ್ಲಿ ಲೆಕ್ಕ ತಾಳೆ ನೋಡುವ ಕೆಲಸ ಮಾಡಿದವನು. ಎಲ್ಲಿಂದಲೋ ಹೊರಟ ದುಡ್ಡು ಎಲ್ಲಿ ಸಿಕ್ಕಿಹಾಕಿಕೊಂಡಿದೆ ಅಂತ ಸಾಲು ಸಾಲಾಗಿ ಹುಡುಕುವುದೇ ಕಸುಬು. ಅವನ ಕೇಸನ್ನು ಹಾಗೇ ಹುಡುಕಿದಾಗ ಗೊತ್ತಾಗಿದ್ದನ್ನು ಇಲ್ಲಿ ಒಂದೊಂದಾಗಿ ಬರೆಯುತ್ತಿದ್ದೇನೆ. ಇದು ಆಡುವುದು ಹೇಗೆ ಅಂತ ಹೇಳುವ ಗೈಡ್ ಅಲ್ಲ. ಆಗಲೇ ಸಿಕ್ಕಿಕೊಂಡವರು ಇದ್ದಷ್ಟನ್ನಾದರೂ ಹೊರಗೆ ತರುವುದಕ್ಕೆ.

ಕಾನೂನಿನ ಮಾತು ಮೊದಲೇ ಮುಗಿಸೋಣ

ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಕೇಂದ್ರ ಸರ್ಕಾರ 2025ರ ಕಾಯ್ದೆಯಲ್ಲಿ ನಿಷೇಧಿಸಿದೆ. 2025ರ ಆಗಸ್ಟ್ 22ರಂದು ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ಆಟ ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಅದಕ್ಕೆ ದುಡ್ಡು ಸಾಗಿಸಿಕೊಡುವವರಿಗೂ ಅಷ್ಟೇ. ಆಡಿದವರಿಗೆ ಆ ಕಾಯ್ದೆಯಲ್ಲಿ ಶಿಕ್ಷೆ ಇಟ್ಟಿಲ್ಲ. ಇದನ್ನು ಯಾಕೆ ಮೊದಲೇ ಹೇಳುತ್ತಿದ್ದೇನೆ ಅಂದರೆ, 'ದೂರು ಕೊಟ್ಟರೆ ನಮ್ಮನ್ನೇ ಒಳಗೆ ಹಾಕುತ್ತಾರೆ' ಅಂತ ಹೆದರಿ ಸುಮ್ನೆ ಕೂತವರು ಜಾಸ್ತಿ, ಮೋಸ ಮಾಡುವವರಿಗೆ ಬೇಕಾಗಿರುವುದೂ ಅದೇ ಹೆದರಿಕೆ. ಇನ್ನೊಂದು ಮಾತು. ನಮ್ಮ ರಾಜ್ಯ 2021ರಲ್ಲಿ ತಂದಿದ್ದ ನಿಷೇಧವನ್ನು ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ರದ್ದು ಮಾಡಿತ್ತು. ಅದನ್ನೇ ಹಿಡಿದುಕೊಂಡು 'ಕರ್ನಾಟಕದಲ್ಲಿ ಲೀಗಲ್ ಸಾರ್' ಅನ್ನುವ ಏಜೆಂಟರು ಇದ್ದಾರೆ. ಅದು ಹಳೇ ಕಥೆ.

ವೋಚರ್ ಅಂದರೆ ಒನ್‌ವೇ

ಕಾರ್ಡ್ ಇರುವಾಗ ವೋಚರ್ ಯಾಕೆ ಬಂತು? ಜೂಜಿನ ವ್ಯಾಪಾರಕ್ಕೆ ಕಾರ್ಡ್ ಕಂಪನಿಗಳ ಲೆಕ್ಕದಲ್ಲಿ 7995 ಅನ್ನುವ ಕೋಡ್ ಇದೆ. ಆ ಕೋಡ್ ಕಂಡರೆ ಬ್ಯಾಂಕು ಸಾಮಾನ್ಯವಾಗಿ ಬಾಗಿಲು ಹಾಕುತ್ತದೆ. ಲಾಟರಿ, ಸ್ವೀಪ್‌ಸ್ಟೇಕ್ಸ್ ಥರದ್ದಕ್ಕೆ ದೇಶದಿಂದ ಹೊರಗೆ ದುಡ್ಡು ಕಳಿಸುವುದನ್ನು ವಿದೇಶಿ ವಿನಿಮಯದ 2000ರ ನಿಯಮಗಳೇ ತಡೆಯುತ್ತವೆ. ವೋಚರ್ ಈ ಯಾವುದರ ಕಣ್ಣಿಗೂ ನೇರವಾಗಿ ಬೀಳುವುದಿಲ್ಲ. 'ವೋಚರ್ ಹಾಕಿ, ಸುಲಭ' ಅಂತ ಸೈಟು ಹೇಳುವುದು ನಿಮ್ಮ ಮೇಲಿನ ಪ್ರೀತಿಯಿಂದಲ್ಲ.

ಇಂಥ ವೋಚರುಗಳಲ್ಲಿ ಒಂದಾದ ಪೇಸೇಫ್‌ಕಾರ್ಡ್ 2000ರಲ್ಲಿ ಆಸ್ಟ್ರಿಯಾದ ವಿಯೆನ್ನಾದಲ್ಲಿ ಹುಟ್ಟಿದ್ದು. ಅಲ್ಲಿನ ಅಂಗಡಿಯಲ್ಲಿ ನಗದು ಕೊಟ್ಟರೆ 16 ಅಂಕಿಯ ಪಿನ್ ಇರುವ ಚೀಟಿ ಸಿಗುತ್ತದೆ. ನಿಯೋಸರ್ಫ್ ಫ್ರಾನ್ಸಿನದು, ಅದರ ಕೋಡಿನಲ್ಲಿ 10 ಅಕ್ಷರ. ಹಿಂದೆ ನಾವು ಮೊಬೈಲ್ ಟಾಪ್‌ಅಪ್ ಕಾರ್ಡನ್ನು ನಾಣ್ಯದಲ್ಲಿ ಕೆರೆದು ನಂಬರ್ ಒತ್ತುತ್ತಿದ್ದೆವಲ್ಲ, ಹೆಚ್ಚುಕಡಿಮೆ ಅದೇ. ಉಳಿದ ಟಾಕ್‌ಟೈಮನ್ನು ವಾಪಸ್ ಆ ಕಾರ್ಡಿಗೆ ತುಂಬಲು ಆಗುತ್ತಿತ್ತಾ? ಇಲ್ಲ. ಇದೂ ಹಾಗೇ. ಒಳಗೆ ಹೋಗುವ ದಾರಿ ಒಂದು, ಹೊರಗೆ ಬರುವ ದಾರಿ ಬೇರೆ. ಮೆಜೆಸ್ಟಿಕ್ ಸುತ್ತಮುತ್ತ ಗಾಡಿ ಓಡಿಸಿದವರಿಗೆ ಬಿಡಿಸಿ ಹೇಳಬೇಕಿಲ್ಲ: ಎರಡೇ ನಿಮಿಷದಲ್ಲಿ ಹೋದ ಜಾಗದಿಂದ ವಾಪಸ್ ಬರಲು ಅರ್ಧ ಊರು ಸುತ್ತಬೇಕು. ತಡವೂ ಕಡಿತವೂ ಇರುವುದು ಆ ಸುತ್ತಿನಲ್ಲೇ.

ಬಿಲ್ಲಿನ ಹಿಂದೆ ಬರೆದ ಲೆಕ್ಕ

ದರ್ಶಿನಿಯ ಬಿಲ್ಲು ತಿರುಗಿಸಿ ಅವನ ಮುಂದೆಯೇ ಲೆಕ್ಕ ಬರೆದೆ. ಸುಲಭವಾಗಲಿ ಅಂತ ಒಂದು ಯೂರೋಗೆ 100 ರೂಪಾಯಿ, ಒಂದು ಡಾಲರಿಗೆ 90 ರೂಪಾಯಿ ಅಂತ ಹಿಡಿದೆವು.

ಅವನು ಕೊಂಡಿದ್ದು 100 ಯೂರೋ ವೋಚರ್. ಅಂದರೆ 10,000 ರೂಪಾಯಿ. ಟೆಲಿಗ್ರಾಂನಲ್ಲಿ ಸಿಕ್ಕ ಏಜೆಂಟ್ ತೆಗೆದುಕೊಂಡಿದ್ದು 10,900. ಮೊದಲ 900 ಅಲ್ಲೇ ಹೋಯಿತು. ಇದನ್ನು ಯಾರೂ 'ಫೀಸ್' ಅಂತ ಕರೆಯುವುದಿಲ್ಲ, ರೇಟ್ ಅಂತಾರೆ. ವೋಚರ್ ಯೂರೋದಲ್ಲಿ, ಕ್ಯಾಸಿನೊ ಅಕೌಂಟ್ ಡಾಲರಿನಲ್ಲಿ. ನಿಜವಾಗಿ 111 ಡಾಲರ್ ಸಿಗಬೇಕು, ಸಿಕ್ಕಿದ್ದು 107. 'ಡೆಪಾಸಿಟ್ ಫೀಸ್: ಸೊನ್ನೆ' ಅಂತ ದೊಡ್ಡದಾಗಿ ಬರೆದಿದ್ದರು, ಸುಳ್ಳಲ್ಲ, ಫೀಸನ್ನು ವಿನಿಮಯ ದರದೊಳಗೆ ಬಚ್ಚಿಟ್ಟಿದ್ದರು ಅಷ್ಟೇ.

ಈಗ ಅವನು ಆಡಿ ಗೆಲ್ಲಲೂ ಇಲ್ಲ, ಸೋಲಲೂ ಇಲ್ಲ, ಆ 107 ಹಾಗೇ ಇದೆ ಅಂತ ಇಟ್ಟುಕೊಳ್ಳಿ. ವಾಪಸ್ ತೆಗೆಯಲು ಹೋದರೆ ವೋಚರ್ ಆಯ್ಕೆ ಇಲ್ಲ, ಬ್ಯಾಂಕ್ ವೈರ್ ಅಂತೆ, ಅಂದರೆ ವಿದೇಶದ ಬ್ಯಾಂಕಿನಿಂದ ನಮ್ಮ ಬ್ಯಾಂಕಿಗೆ ವರ್ಗಾವಣೆ. ಅದಕ್ಕೆ 15 ಡಾಲರ್. ಉಳಿದಿದ್ದು 92. ನಮ್ಮ ಕಡೆ ಬಂದಾಗ ಡಾಲರಿಗೆ 90ರ ಬದಲು 88 ರೂಪಾಯಿ ಲೆಕ್ಕ ಹಾಕಿದರೆ 8,096. ಬ್ಯಾಂಕಿನ ಖರ್ಚು ಒಂದು 300 ತೆಗೆಯಿರಿ. ಕೈಗೆ ಬರುವುದು 7,796 ರೂಪಾಯಿ.

10,900 ಹೋಗಿ 7,796 ಬಂತು. 3,104 ರೂಪಾಯಿ ಮಾಯ, ನೂರಕ್ಕೆ 28ಕ್ಕಿಂತ ಜಾಸ್ತಿ. ಒಂದು ಆಟ ಸೋಲದೆ. ಮೂಗಿಗಿಂತ ಮೂಗುತಿ ಭಾರ ಅನ್ನುವುದು ಇದಕ್ಕೇ ಇರಬೇಕು. ಹುಡುಗ ಬಿಲ್ಲನ್ನು ಮಡಚಿ ಜೇಬಿಗೆ ಹಾಕಿಕೊಂಡ, ಕಾಫಿ ಮುಟ್ಟಲಿಲ್ಲ.

ನಿಮ್ಮದೂ ಹೀಗೇ ಬರೆಯಿರಿ. ಎಷ್ಟು ಕೊಟ್ಟೆ, ವೋಚರಿನ ಬೆಲೆ ಎಷ್ಟು, ಅಕೌಂಟಿಗೆ ಎಷ್ಟು ಬಿತ್ತು, ಹೊರಗೆ ತೆಗೆಯಲು ಎಷ್ಟು, ಕೊನೆಗೆ ಕೈಗೆ ಎಷ್ಟು. ಈ ಐದು ಸಾಲು ಬರೆಯದೆ ಮುಂದೆ ಹೋಗಬೇಡಿ. ಕೆಲವೊಮ್ಮೆ ಲೆಕ್ಕ ನೋಡಿದ ಮೇಲೆ, ಇಷ್ಟು ಸಣ್ಣ ಮೊತ್ತಕ್ಕೆ ಆಧಾರ್, ಪಾನ್ ಎಲ್ಲ ಕಳಿಸುವುದು ಬೇಡ ಅಂತ ಬಿಟ್ಟುಬಿಡುವುದೇ ಜಾಣತನ ಆಗಬಹುದು. ಅದೂ ಒಂದು ತೀರ್ಮಾನವೇ.

ಹಂತ 1: ಇನ್ನೊಂದು ರೂಪಾಯಿ ಹಾಕಬೇಡಿ

'ಇನ್ನು 50 ಡಾಲರ್ ಹಾಕಿದರೆ ವಿಐಪಿ, ವಿತ್‌ಡ್ರಾವಲ್ ಬೇಗ' ಅನ್ನುತ್ತಾರೆ. ಬೇಡ. 'ಕನಿಷ್ಠ ವಿತ್‌ಡ್ರಾವಲ್ 100 ಡಾಲರ್, ನಿಮ್ಮದು 92 ಇದೆ, 8 ತುಂಬಿ' ಅಂದರೂ ಬೇಡ. ಹಾಕುವಾಗ ಕನಿಷ್ಠ 10, ತೆಗೆಯುವಾಗ ಕನಿಷ್ಠ 50 ಅಥವಾ 100 ಅಂತ ಇಟ್ಟಿರುವುದೇ ಈ ಆಟಕ್ಕೆ.

ಹಂತ 2: ನಿಮ್ಮ ಕೈಯಲ್ಲಿರುವುದು ಯಾವ ವೋಚರ್ ಅಂತ ನೋಡಿ

ಮೂರು ಬಗೆ ಇವೆ. ಮೂರನ್ನೂ ಜನ 'ವೋಚರ್' ಅಂತಲೇ ಕರೆಯುತ್ತಾರೆ, ಗೊಂದಲ ಅಲ್ಲಿಂದಲೇ ಶುರು.

ಒಂದು, ಮೇಲೆ ಹೇಳಿದ ವಿದೇಶಿ ಪಿನ್ ವೋಚರ್. ಇನ್ನೂ ಬಳಸಿಲ್ಲದಿದ್ದರೆ ಅದನ್ನು ಹೊರಡಿಸಿದ ಕಂಪನಿಯ ಸ್ವಂತ ಸೈಟಿನಲ್ಲಿ ಬ್ಯಾಲೆನ್ಸ್ ನೋಡಿ, ವಾಪಸ್ ಪಡೆಯುವ ನಿಯಮ ಓದಿ. ಕೆಲವು ವೋಚರುಗಳಲ್ಲಿ ಕೆಲ ತಿಂಗಳು ಸುಮ್ನೆ ಬಿಟ್ಟರೆ ತಿಂಗಳಿಗಿಷ್ಟು ಅಂತ ನಿರ್ವಹಣಾ ಶುಲ್ಕ ಕತ್ತರಿಸುತ್ತಾ ಹೋಗುತ್ತಾರೆ. ಪಿನ್ ಅಂದರೆ ನಗದೇ. ಸಪೋರ್ಟಿನವರು 'ಪರೀಕ್ಷೆಗೆ' ಅಂತ ಬಳಸದ ವೋಚರಿನ ಪೂರ್ತಿ ಪಿನ್ ಫೋಟೋ ಕೇಳಿದರೆ ಕೊಡಬೇಡಿ. ಕೊಟ್ಟ ಮೇಲೆ ಅದು ನಿಮ್ಮದಲ್ಲ.

ಎರಡು, ನಮ್ಮ ದೇಶದ ಗಿಫ್ಟ್ ಕಾರ್ಡ್, ವಾಲೆಟ್. ಇವು ರಿಸರ್ವ್ ಬ್ಯಾಂಕಿನ ನಿಯಮದಡಿ ಬರುತ್ತವೆ. ಗಿಫ್ಟ್ ಕಾರ್ಡ್ ಒಂದಕ್ಕೆ ಗರಿಷ್ಠ 10,000 ರೂಪಾಯಿ, ಮತ್ತೆ ತುಂಬುವಂತಿಲ್ಲ, ನಗದಾಗಿ ತೆಗೆಯುವಂತಿಲ್ಲ, ಕನಿಷ್ಠ ಒಂದು ವರ್ಷ ಚಾಲ್ತಿಯಲ್ಲಿರಬೇಕು. ಇಲ್ಲಿ ದೂರು ಕೇಳುವವರಾದರೂ ಇದ್ದಾರೆ.

ಮೂರನೆಯದು ಅಪಾಯದ್ದು. ಏಜೆಂಟನ ಯುಪಿಐಗೆ ದುಡ್ಡು ಹಾಕುತ್ತೀರಿ, ಅವನು ಒಂದು ಕೋಡ್ ಕಳಿಸುತ್ತಾನೆ, ಸೈಟಿನಲ್ಲಿ ಬ್ಯಾಲೆನ್ಸ್ ಏರುತ್ತದೆ. ಇದರ ಹಿಂದೆ ಯಾವ ವೋಚರ್ ಕಂಪನಿಯೂ ಇಲ್ಲ. ಇರುವುದು ಏಜೆಂಟ್ ಒಬ್ಬನೇ. ಅವನು ಗ್ರೂಪ್ ಡಿಲೀಟ್ ಮಾಡಿದ ದಿನ ಎಲ್ಲ ಮುಗಿಯಿತು.

ಹಂತ 3: ಸಾಕ್ಷಿ ಕೂಡಿಡಿ, ಇವತ್ತೇ

ಸಪೋರ್ಟಿನ ಜೊತೆ ಜಗಳ ಶುರು ಮಾಡುವ ಮುಂಚೆ ಈ ಕೆಲಸ. ಜಗಳ ಆದ ಮೇಲೆ ಲಾಗಿನ್ ಬ್ಲಾಕ್ ಆದರೆ ಏನೂ ಸಿಗುವುದಿಲ್ಲ. ವೋಚರ್ ಕೊಂಡ ರಸೀದಿ, ಯುಪಿಐ ಕಳಿಸಿದ 12 ಅಂಕಿಯ ನಂಬರ್, ಏಜೆಂಟ್ ಜೊತೆಗಿನ ಚಾಟ್, ಸೈಟಿನ ಡೆಪಾಸಿಟ್ ಮತ್ತು ವಿತ್‌ಡ್ರಾವಲ್ ಪಟ್ಟಿ ಎಲ್ಲದರ ಸ್ಕ್ರೀನ್‌ಶಾಟ್ ತೆಗೆಯಿರಿ. ತಾರೀಕು, ಸಮಯ ಕಾಣುವ ಹಾಗೆ. ನಿಯಮಗಳ ಪುಟವನ್ನು ಪಿಡಿಎಫ್ ಮಾಡಿಟ್ಟುಕೊಳ್ಳಿ, ಯಾಕೆಂದರೆ ಆ ಪುಟ ರಾತ್ರೋರಾತ್ರಿ ಬದಲಾಗುತ್ತದೆ, ನಾಳೆ 'ಮೊದಲಿಂದಲೂ ಹೀಗೇ ಇತ್ತು' ಅನ್ನುತ್ತಾರೆ.

ಆ ಪುಟವನ್ನು ಪೂರ್ತಿ ಓದುವ ತಾಳ್ಮೆ ಯಾರಿಗೂ ಇರಲ್ಲ, ನನಗೂ ಇಲ್ಲ. ಹುಡುಕಬೇಕಾದ ಮಾತು ನಾಲ್ಕೇ: ಕನಿಷ್ಠ ವಿತ್‌ಡ್ರಾವಲ್, ವಾರಕ್ಕೆ ಗರಿಷ್ಠ ಎಷ್ಟು, ಆಡದೆ ಬಿಟ್ಟ ಅಕೌಂಟಿಗೆ ತಿಂಗಳ ಕಡಿತ ಎಷ್ಟು, ಮತ್ತು ಹಾಕಿದ ದುಡ್ಡನ್ನು ಎಷ್ಟು ಸಲ ತಿರುಗಿಸಿ ಆಡಬೇಕು. ಕೊನೆಯದು ಬಹಳ ಜನರಿಗೆ ಗೊತ್ತಿರುವುದಿಲ್ಲ. ಬೋನಸ್ ತೆಗೆದುಕೊಳ್ಳದೆ ಇದ್ದರೂ, ಹಾಕಿದ್ದನ್ನು ಒಂದು ಸಲವೋ ಮೂರು ಸಲವೋ ಪಣಕ್ಕಿಡದೆ ವಾಪಸ್ ಕೇಳಿದರೆ ಶುಲ್ಕ ಅಂತ ಕತ್ತರಿಸುವ ಸೈಟುಗಳಿವೆ. ಕೇಳಿದರೆ ಕಪ್ಪು ಹಣ ತಡೆಯಲು ಅಂತ ಹೇಳುತ್ತಾರೆ. ಅದರಲ್ಲಿ ಸ್ವಲ್ಪ ನಿಜವೂ ಇದೆ. ವೋಚರ್ ನಗದಿನ ಹಾಗೆ, ಯಾರು ಕೊಂಡರು ಅನ್ನುವುದು ತಿಳಿಯಲ್ಲ, ಹಾಗಾಗಿ ವೋಚರ್ ಹಾಕಿದವರ ಮೇಲೆ ಅನುಮಾನ ಜಾಸ್ತಿ. ಒಳಗೆ ಬಿಟ್ಟುಕೊಳ್ಳುವಾಗ ಮಾತ್ರ ಆ ಅನುಮಾನ ಯಾಕೆ ಬರಲಿಲ್ಲ ಅಂತ ಕೇಳಬೇಡಿ.

ಹಂತ 4: ಬೋನಸ್ ಬೇರೆ, ನಿಮ್ಮ ದುಡ್ಡು ಬೇರೆ

ಪರದೆಯ ಮೇಲೆ ಕಾಣುವ ಮೊತ್ತದಲ್ಲಿ ಎಷ್ಟು 'ಕ್ಯಾಶ್', ಎಷ್ಟು 'ಬೋನಸ್' ಅಂತ ಬಿಡಿಸಿ ನೋಡಿ. 5,000 ರೂಪಾಯಿ ಬೋನಸ್ ಕೊಟ್ಟು 35 ಪಟ್ಟು ಆಡಬೇಕು ಅಂದರೆ 1,75,000 ರೂಪಾಯಿಯಷ್ಟು ಪಣ ಕಟ್ಟಬೇಕು. ಸ್ಲಾಟ್ ಯಂತ್ರ ನೂರಕ್ಕೆ 96 ವಾಪಸ್ ಕೊಡುವಂಥದ್ದು ಅಂತಿಟ್ಟುಕೊಂಡರೂ, ಅಷ್ಟು ಆಡುವಷ್ಟರಲ್ಲಿ ಸರಾಸರಿ 7,000 ಕಳೆಯುತ್ತದೆ. 5,000 ಸಿಗಲು 7,000 ಖರ್ಚು. ರೂಲೆಟ್‌ನಲ್ಲಿ ಬೇಗ ಮುಗಿಸೋಣ ಅಂದರೆ ಅದೂ ಆಗಲ್ಲ, ಬಹಳ ಕಡೆ ರೂಲೆಟ್ ಪಣದಲ್ಲಿ ಒಂದು ಸಣ್ಣ ಪಾಲನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತಾರೆ.

ಬೋನಸ್ ಬಿಟ್ಟುಕೊಟ್ಟರೆ ಸ್ವಂತ ದುಡ್ಡು ತೆಗೆಯಬಹುದಾ ಅಂತ ಸಪೋರ್ಟಿಗೆ ಬರವಣಿಗೆಯಲ್ಲಿ ಕೇಳಿ. 'ಹೌದು' ಅಂದರೆ ಬಿಟ್ಟುಬಿಡಿ, ಯೋಚನೆ ಮಾಡಬೇಡಿ.

ಹಂತ 5: ಕೆವೈಸಿ, ನಮ್ಮ ಇನಿಶಿಯಲ್, ನಮ್ಮ ವಿಳಾಸ

ಅರ್ಧಕ್ಕರ್ಧ ತಡ ಆಗುವುದು ಇಲ್ಲಿ. ವೋಚರ್ ಹಾಕುವಾಗ ಹೆಸರೂ ಕೇಳಿರುವುದಿಲ್ಲ, ತೆಗೆಯುವಾಗ ಜಾತಕ ಬಿಟ್ಟು ಎಲ್ಲ ಕೇಳುತ್ತಾರೆ.

ನಮ್ಮ ಹುಡುಗನ ಅರ್ಜಿ ಎರಡು ಸಲ ತಿರಸ್ಕಾರ ಆಗಿತ್ತು. ಕಾರಣ ಬರೆದಿದ್ದು 'ಹೆಸರು ಹೊಂದುತ್ತಿಲ್ಲ' ಅಂತ. ಆಧಾರಿನಲ್ಲಿ ಹೆಸರಿನ ಮುಂದೆ ಒಂದು ಇನಿಶಿಯಲ್. ಪಾನಿನಲ್ಲಿ ಅದೇ ಇನಿಶಿಯಲ್ ಬಿಡಿಸಿ ಅಪ್ಪನ ಪೂರ್ತಿ ಹೆಸರು, ಅದೂ ಕೊನೆಯಲ್ಲಿ. ಬ್ಯಾಂಕಿನಲ್ಲಿ ಇನಿಶಿಯಲ್ಲೇ ಇಲ್ಲ. ನಮಗೆ ಮೂರೂ ಒಬ್ಬನೇ, ಎಲ್ಲೋ ಕೂತು ನೋಡುವವನಿಗೆ ಮೂವರು. ಇದಕ್ಕೆ ಮಾಡಬೇಕಾದ್ದು ಇಷ್ಟೇ: ಕ್ಯಾಸಿನೊ ಅಕೌಂಟಿನ ಹೆಸರು ಬ್ಯಾಂಕ್ ಅಕೌಂಟಿನ ಹೆಸರಿನ ಜೊತೆ ಅಕ್ಷರ ಅಕ್ಷರ ಹೊಂದಬೇಕು, ಮತ್ತು ಕಳಿಸುವ ಗುರುತಿನ ಚೀಟಿಯೂ ಅದಕ್ಕೆ ಹತ್ತಿರ ಇರುವುದನ್ನೇ ಆರಿಸಬೇಕು. ಇನಿಶಿಯಲ್ ಅಂದರೆ ಅಪ್ಪನ ಹೆಸರು ಅಂತ ಒಂದು ಸಾಲು ಬರೆದು ಪಾನ್ ಜೊತೆಗೆ ಲಗತ್ತಿಸಿ.

ಆಮೇಲೆ ವಿಳಾಸ. ನಮ್ಮ ವಿಳಾಸ 'ಇಷ್ಟನೇ ಮೇನ್, ಇಷ್ಟನೇ ಕ್ರಾಸ್, ಗಣೇಶನ ಗುಡಿ ಹತ್ತಿರ'. ಅವರ ಫಾರಂನಲ್ಲಿ ಇರುವುದು ಮನೆ ನಂಬರ್, ರಸ್ತೆ, ಪಿನ್‌ಕೋಡ್, ಅಷ್ಟೇ. ದಾಖಲೆಯಲ್ಲಿ ಇರುವ ಕ್ರಮದಲ್ಲೇ ತುಂಬಿ, ಚಂದ ಮಾಡಲು ಹೋಗಬೇಡಿ. ಪಿಜಿಯಲ್ಲಿ ಇರುವವರ ಕಷ್ಟ ಇನ್ನೂ ಜಾಸ್ತಿ, ಕರೆಂಟ್ ಬಿಲ್ ಯಾವತ್ತೂ ಓನರ್ ಹೆಸರಲ್ಲೇ ಇರುತ್ತದೆ. ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಈಗಿನ ವಿಳಾಸ ಇದ್ದರೆ ಅದೇ ಸಾಕಾಗಬಹುದು. ನಮ್ಮ ಹುಡುಗ ಇದು ಗೊತ್ತಿಲ್ಲದೆ ಬೆಸ್ಕಾಂ ಬಿಲ್ ಕೊಡು ಅಂತ ಮನೆಯಲ್ಲಿ ಕೇಳಿದ. ಬಿಲ್ ಅಕ್ಕನ ಹೆಸರಲ್ಲಿತ್ತು. 'ಯಾಕೋ?' ಅಂದಳು. ಅಮ್ಮನಿಗೆ ಹೇಳಬೇಡ ಅಂದಿದ್ದು ಅಲ್ಲಿಗೆ ಮುಗಿಯಿತು.

ಆಧಾರ್ ಕಳಿಸಲೇಬೇಕು ಅಂದರೆ ಮಾಸ್ಕ್ ಮಾಡಿದ್ದನ್ನು ಕಳಿಸಿ. ಯುಐಡಿಎಐ ಸೈಟಿನಲ್ಲಿ ಕೊನೆಯ 4 ಅಂಕಿ ಮಾತ್ರ ಕಾಣುವ ಪ್ರತಿ ಇಳಿಸಿಕೊಳ್ಳಬಹುದು. ಪ್ರತಿಯೊಂದು ಪ್ರತಿಯ ಮೇಲೂ ಅಡ್ಡಲಾಗಿ 'ಈ ಸೈಟಿನ ಕೆವೈಸಿಗೆ ಮಾತ್ರ' ಅಂತ ಇಂಗ್ಲಿಷಿನಲ್ಲಿ ತಾರೀಕಿನ ಜೊತೆ ಬರೆಯಿರಿ. ಓಟಿಪಿ, ಯುಪಿಐ ಪಿನ್, ಪರದೆ ಹಂಚಿಕೊಳ್ಳುವ ಆ್ಯಪ್ ಕೇಳಿದರೆ ಅದು ಕೆವೈಸಿ ಅಲ್ಲ. ಫೋನ್ ಇಡಿ.

ಹಂತ 6: ಯಾವ ದಾರಿಯಲ್ಲಿ ಹೊರಗೆ ತರಬೇಕು

ಸಾಮಾನ್ಯವಾಗಿ ಮೂರು ದಾರಿ ತೋರಿಸುತ್ತಾರೆ. ಬ್ಯಾಂಕ್ ವೈರ್, ಕ್ರಿಪ್ಟೊ, ಮತ್ತು 'ಲೋಕಲ್ ಟ್ರಾನ್ಸ್‌ಫರ್'.

ವೈರ್ ನಿಧಾನ, ದುಬಾರಿ, ಆದರೆ ಗುರುತು ಬಿಡುತ್ತದೆ. ಕಳಿಸುವಾಗ ಖರ್ಚು ಯಾರದು ಅಂತ ಮೂರು ಗುರುತು ಇರುತ್ತವೆ: ಓಯುಆರ್ ಅಂದರೆ ಕಳಿಸುವವರದು, ಬಿಇಎನ್ ಅಂದರೆ ನಿಮ್ಮದು, ಎಸ್‌ಎಚ್‌ಎ ಅಂದರೆ ಹಂಚಿಕೆ. ಯಾವುದು ಅಂತ ಮೊದಲೇ ಕೇಳಿ. ನಡುವೆ ಬರುವ ಬ್ಯಾಂಕುಗಳೂ ಒಂದಿಷ್ಟು ಕಚ್ಚಿಕೊಂಡೇ ಮುಂದೆ ಕಳಿಸುತ್ತವೆ. ಇಲ್ಲಿ ಬ್ಯಾಂಕು ಈ ದುಡ್ಡು ಯಾವುದಕ್ಕೆ ಬಂತು ಅಂತ ಕಾರಣ ಕೇಳುತ್ತದೆ. 'ಫ್ರೀಲ್ಯಾನ್ಸ್ ಕೆಲಸದ ಸಂಬಳ ಅಂತ ಬರೆದುಬಿಡಿ' ಅಂತ ಏಜೆಂಟ್ ಸಲಹೆ ಕೊಡುತ್ತಾನೆ. ಬರೆಯಬೇಡಿ. ಇಲ್ಲಿಯವರೆಗೆ ನೀವು ಮೋಸ ಹೋದವರು, ಅಲ್ಲಿಂದಾಚೆ ಸುಳ್ಳು ಹೇಳಿದವರು.

ಕ್ರಿಪ್ಟೊ ವೇಗ. ಆದರೆ ಅಡ್ರೆಸ್ಸಿನಲ್ಲಿ ಅಥವಾ ನೆಟ್‌ವರ್ಕಿನಲ್ಲಿ ಒಂದು ತಪ್ಪಾದರೆ ಸಾಮಾನ್ಯವಾಗಿ ಹೋಯಿತು ಅಂತಲೇ. ನೆಟ್‌ವರ್ಕ್ ಫೀಸ್ ಬೇರೆ. ನಮ್ಮಲ್ಲಿ ಅದರ ಲಾಭಕ್ಕೆ 2022ರ ಏಪ್ರಿಲ್‌ನಿಂದ 30 ಶೇಕಡಾ ತೆರಿಗೆ ಇದೆ, ಅದೇ ವರ್ಷ ಜುಲೈನಿಂದ ಮಾರುವಾಗ 1 ಶೇಕಡಾ ಟಿಡಿಎಸ್ ಬಂತು. ಇದನ್ನೂ ಬಿಲ್ಲಿನ ಹಿಂದಿನ ಲೆಕ್ಕಕ್ಕೆ ಸೇರಿಸಿ.

ಮೂರನೆಯದರ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. 'ಲೋಕಲ್ ಟ್ರಾನ್ಸ್‌ಫರ್' ಒತ್ತಿದರೆ ಅರ್ಧ ಗಂಟೆಯಲ್ಲಿ ಯಾರದ್ದೋ ಹೆಸರಿನ ಅಕೌಂಟಿನಿಂದ ಯುಪಿಐಗೆ ದುಡ್ಡು ಬರುತ್ತದೆ. ಫೀಸೂ ಇಲ್ಲ. ಆಹಾ ಅನ್ನಿಸುತ್ತದೆ. ಆ 'ಯಾರದ್ದೋ' ಅಕೌಂಟು ಬಾಡಿಗೆಗೆ ಕೊಟ್ಟದ್ದಿರಬಹುದು, ಅದರೊಳಗೆ ಬಂದ ದುಡ್ಡು ಇನ್ಯಾವುದೋ ರಾಜ್ಯದಲ್ಲಿ ಯಾರೋ ಒಬ್ಬರು ಮೋಸಹೋಗಿ ಕಳಕೊಂಡದ್ದಿರಬಹುದು. ಅವರು ದೂರು ಕೊಟ್ಟ ಕೂಡಲೇ ಪೊಲೀಸರು ದುಡ್ಡಿನ ಹಾದಿ ಹಿಡಿದು ಒಂದೊಂದೇ ಅಕೌಂಟ್ ತಡೆಯುತ್ತಾ ಬರುತ್ತಾರೆ, ಆ ಸಾಲಿನಲ್ಲಿ ನಿಮ್ಮದೂ ಸಿಗುತ್ತದೆ. 3,000 ರೂಪಾಯಿಗೆ ನಿಮ್ಮ ಸಂಬಳದ ಅಕೌಂಟ್ ಪೂರ್ತಿ ಸ್ತಬ್ಧ. ಬಾಡಿಗೆ ಕಟ್ಟುವ ದಿನ ಕಾರ್ಡ್ ನಡೆಯದೆ ನಿಂತಾಗಲೇ ವಿಷಯ ಗೊತ್ತಾಗುವುದು.

ಹಾಗೆ ಆಗಿಬಿಟ್ಟಿದ್ದರೆ ಕಸ್ಟಮರ್ ಕೇರ್‌ಗೆ ಫೋನ್ ಮಾಡಿಕೊಂಡು ಕೂರಬೇಡಿ. ಬ್ರಾಂಚಿಗೆ ಹೋಗಿ. ಯಾವ ಠಾಣೆಯಿಂದ ಪತ್ರ ಬಂದಿದೆ, ದೂರಿನ ನಂಬರ್ ಏನು, ವಿವಾದದ ಮೊತ್ತ ಎಷ್ಟು, ಈ ಮೂರನ್ನು ಬರೆಸಿಕೊಳ್ಳಿ. ಆ ಠಾಣೆಗೆ ಇಮೇಲ್ ಮಾಡಿ, ದುಡ್ಡು ಹೇಗೆ ಬಂತು ಅಂತ ಸ್ಕ್ರೀನ್‌ಶಾಟ್ ಸಮೇತ ಇದ್ದದ್ದು ಇದ್ದ ಹಾಗೆ ತಿಳಿಸಿ, ಆ ಮೊತ್ತವನ್ನು ಮಾತ್ರ ತಡೆಹಿಡಿದು ಉಳಿದ ಅಕೌಂಟ್ ಬಿಡಿ ಅಂತ ಕೇಳಿ. ಒಂದು ಪ್ರತಿ ಬ್ಯಾಂಕಿಗೂ ಕೊಟ್ಟು ಸೀಲ್ ಹಾಕಿಸಿಕೊಳ್ಳಿ. ಮೊತ್ತ ದೊಡ್ಡದಿದ್ದರೆ ವಕೀಲರನ್ನು ಕೇಳಿಯೇ ಬರೆಯಿರಿ.

ದಾರಿ ಯಾವುದೇ ಆಗಲಿ, ಮೊದಲು ಕನಿಷ್ಠ ಮೊತ್ತ ತೆಗೆದು ನೋಡಿ. ಬಂದರೆ ಉಳಿದದ್ದು. ಫೀಸ್ ಎರಡು ಸಲ ಬೀಳುತ್ತದೆ, ನಿಜ. ಆದರೂ ಪೂರ್ತಿ ಮೊತ್ತ ಒಂದೇ ಸಲ ಸಿಕ್ಕಿಹಾಕಿಕೊಳ್ಳುವುದಕ್ಕಿಂತ ವಾಸಿ.

ಹಂತ 7: ಪೆಂಡಿಂಗ್ ಇರುವಾಗ ಕೈ ಕಟ್ಟಿ ಕೂರಿ

ಪೆಂಡಿಂಗ್ ಪಕ್ಕದಲ್ಲೇ 'ರದ್ದು ಮಾಡಿ ಮತ್ತೆ ಆಡಿ' ಅನ್ನುವ ಬಟನ್ ಇರುತ್ತದೆ. ಅದು ಅಲ್ಲಿರುವುದು ಸುಮ್ನೆ ಅಲ್ಲ. ದಿನ ಕಳೆದಷ್ಟೂ ಕೈ ತುರಿಸುತ್ತದೆ, ರಾತ್ರಿ ಹನ್ನೊಂದಕ್ಕೆ ಒತ್ತಿಬಿಡುತ್ತೀರಿ, ಬೆಳಗ್ಗೆ ವಿತ್‌ಡ್ರಾವಲ್ಲೂ ಇಲ್ಲ, ದುಡ್ಡೂ ಇಲ್ಲ. ಬ್ರಿಟನ್ನಿನಲ್ಲಿ 2021ರಲ್ಲಿ ಆನ್‌ಲೈನ್ ಜೂಜಿನಲ್ಲಿ ಈ ಬಟನನ್ನೇ ನಿಷೇಧಿಸಿದರು, ಅಷ್ಟು ಕೆಟ್ಟದ್ದು ಅದು. ಫೋನಿನಿಂದ ಆ್ಯಪ್ ತೆಗೆದುಹಾಕಿ, ಲ್ಯಾಪ್‌ಟಾಪಿನಲ್ಲಿ ದಿನಕ್ಕೊಂದು ಸಲ ನೋಡಿ.

ತಡ ಅನ್ನುವುದು ಎರಡು ಗಡಿಯಾರ. ಒಂದು ಕ್ಯಾಸಿನೊ ಒಪ್ಪಿಗೆ ಕೊಡುವವರೆಗೆ, ಇನ್ನೊಂದು ದುಡ್ಡು ಹೊರಟ ಮೇಲೆ. ನೀವು ಸಪೋರ್ಟಿಗೆ ಕೇಳಬೇಕಾದ್ದು 'ಯಾವಾಗ ಬರುತ್ತೆ' ಅಂತ ಅಲ್ಲ, ಅದಕ್ಕೆ ಅವರ ಬಳಿ ಸಿದ್ಧ ಉತ್ತರ ಇದೆ. ಹೀಗೆ ಬರೆಯಿರಿ: ವಿತ್‌ಡ್ರಾವಲ್ ನಂಬರ್ ಇಂಥದ್ದು, ಇಂಥ ತಾರೀಕು ಕೇಳಿದ್ದು, ಯಾವ ದಾಖಲೆ ಬಾಕಿ ಇದೆ, ನಿಮ್ಮ ಯಾವ ನಿಯಮದ ಪ್ರಕಾರ ತಡೆದಿದ್ದೀರಿ, ಯಾವ ದಿನದೊಳಗೆ ತೀರ್ಮಾನ. ಚಾಟ್ ಬೇಡ, ಇಮೇಲ್.

'ಕಳಿಸಿದ್ದೇವೆ' ಅಂದರೆ ಸಾಲದು, ನಂಬರ್ ಕೇಳಿ. ವೈರ್ ಆದರೆ ಬ್ಯಾಂಕ್ ಕಳಿಸಿದ ಸಂದೇಶದ ಪ್ರತಿ (ಮೊದಲು ಇದಕ್ಕೆ ಎಂಟಿ103 ಅನ್ನುತ್ತಿದ್ದರು) ಅಥವಾ ಯುಇಟಿಆರ್, ಅಂದರೆ ವೈರ್ ಎಲ್ಲಿದೆ ಅಂತ ಹುಡುಕುವ ನಂಬರ್. ನಮ್ಮ ದೇಶದ ಬ್ಯಾಂಕುಗಳ ನಡುವಿನ ವರ್ಗಾವಣೆ ಆದರೆ ಯುಟಿಆರ್: ನೆಫ್ಟ್‌ಗೆ 16 ಅಕ್ಷರ, ಆರ್‌ಟಿಜಿಎಸ್‌ಗೆ 22. ಕ್ರಿಪ್ಟೊ ಆದರೆ ಟ್ರಾನ್ಸಾಕ್ಷನ್ ಹ್ಯಾಶ್, ಅದನ್ನು ಯಾರು ಬೇಕಾದರೂ ಪರೀಕ್ಷಿಸಬಹುದು. ನಂಬರ್ ಕೊಡಲು ಮೀನಮೇಷ ಎಣಿಸುತ್ತಿದ್ದರೆ ದುಡ್ಡು ಹೊರಟೇ ಇಲ್ಲ ಅಂತ ನನ್ನ ಅನುಭವ ಹೇಳುತ್ತದೆ. ದಿನಾ ಹೀಗೆ ಸುಳ್ಳು ಕೇಳಿಯೇ ಹತ್ತು ವರ್ಷ ಸಂಬಳ ತೆಗೆದುಕೊಂಡವನು ನಾನು.

ಹಂತ 8: 'ಮೊದಲು ತೆರಿಗೆ ಕಟ್ಟಿ' ಅಂದರೆ

ಅದು ಮೋಸ. ಇಷ್ಟು ಖಚಿತವಾಗಿ ಬೇರೆ ಯಾವುದನ್ನೂ ಹೇಳಲಾರೆ. ಆನ್‌ಲೈನ್ ಆಟದ ಗೆಲುವಿಗೆ 30 ಶೇಕಡಾ ಟಿಡಿಎಸ್ ನಿಯಮ 2023ರ ಏಪ್ರಿಲ್ 1ರಂದು ಬಂತು. ಅದನ್ನು ಗೆದ್ದ ದುಡ್ಡಿನಲ್ಲೇ ಹಿಡಿಯಬೇಕು, ನಿಮ್ಮಿಂದ ಬೇರೆಯಾಗಿ ಕಟ್ಟಿಸಿಕೊಳ್ಳುವುದಲ್ಲ. ಜಿಎಸ್‌ಟಿ ಅಂತೂ ಹಾಕುವ ದುಡ್ಡಿನ ಮೇಲಿನ ತೆರಿಗೆ, ತೆಗೆಯುವಾಗ ಅದರ ಮಾತೇ ಇಲ್ಲ. 'ಅಕೌಂಟ್ ಅನ್‌ಫ್ರೀಜ್ ಶುಲ್ಕ', 'ಆರ್‌ಬಿಐ ಕ್ಲಿಯರೆನ್ಸ್', 'ವಾಪಸ್ ಕೊಡುವ ಭದ್ರತಾ ಠೇವಣಿ' ಎಲ್ಲ ಇದೇ ಜಾತಿ. ಇದಾದ ವಾರಕ್ಕೆ 'ಕಳಕೊಂಡ ದುಡ್ಡು ವಾಪಸ್ ಕೊಡಿಸುತ್ತೇವೆ' ಅಂತ ಇನ್ನೊಬ್ಬ ಫೋನ್ ಮಾಡುತ್ತಾನೆ. ನಿಮ್ಮ ನಂಬರ್ ಅವನಿಗೆ ಹೇಗೆ ಸಿಕ್ಕಿತು ಅಂತ ಯೋಚಿಸಿದರೆ ಸಾಕು.

ಹಂತ 9: ದೂರು ಎಲ್ಲಿ

ಮೋಸ ಅಂತ ಅನುಮಾನ ಬಂದ ಕೂಡಲೇ 1930ಕ್ಕೆ ಫೋನ್ ಮಾಡಿ, ರಾಷ್ಟ್ರೀಯ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲೂ ದಾಖಲಿಸಿ. ಏಜೆಂಟನ ಅಕೌಂಟಿನಲ್ಲಿ ದುಡ್ಡು ಇನ್ನೂ ಇದ್ದರೆ ಮಾತ್ರ ತಡೆಯಲು ಸಾಧ್ಯ, ಹಾಗಾಗಿ ಇಲ್ಲಿ ಗಂಟೆಯೂ ಲೆಕ್ಕಕ್ಕೆ ಬರುತ್ತದೆ. ಬೆಂಗಳೂರಿನಲ್ಲಿ ಸೈಬರ್ ಕೇಸಿಗೆ ಸಿಇಎನ್ ಠಾಣೆಗಳಿವೆ, ಸಾಕ್ಷಿಯ ಪ್ರಿಂಟ್ ಹಿಡಿದೇ ಹೋಗಿ.

ವೋಚರ್ ನಮ್ಮ ದೇಶದ ವಾಲೆಟ್ ಅಥವಾ ಬ್ಯಾಂಕಿನದಾಗಿದ್ದು ತಪ್ಪು ಅವರದಾಗಿದ್ದರೆ, ಮೊದಲು ಅವರಿಗೇ ದೂರು. 30 ದಿನದಲ್ಲಿ ಸರಿಯಾದ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್, ಸಹಾಯವಾಣಿ 14448. ಆದರೆ ಕ್ಯಾಸಿನೊ ದುಡ್ಡು ಕೊಡಲಿಲ್ಲ ಅಂತ ಅಲ್ಲಿಗೆ ಹೋದರೆ ಪ್ರಯೋಜನ ಇಲ್ಲ, ಅದು ಅವರ ವ್ಯಾಪ್ತಿಯಲ್ಲ.

ಕ್ಯಾಸಿನೊ ಮೇಲೆ ದೂರು ಅಂದರೆ ಅದಕ್ಕೆ ಲೈಸೆನ್ಸ್ ಕೊಟ್ಟ ದೇಶಕ್ಕೆ. ಸೈಟಿನ ಅಡಿಯಲ್ಲಿ ಇರುವ ಮುದ್ರೆ ಒತ್ತಿ ನೋಡಿ, ಅದು ನಿಯಂತ್ರಕರ ಸ್ವಂತ ಸೈಟಿಗೆ ಹೋಗಬೇಕು. ಬರೀ ಚಿತ್ರ ಆಗಿದ್ದರೆ ಲೈಸೆನ್ಸ್ ಇಲ್ಲ ಅಂತಲೇ ತಿಳಿಯಿರಿ. ಬಹಳ ಸೈಟುಗಳು ಕುರಸಾವ್ ದ್ವೀಪದ ಹೆಸರು ಹಾಕಿಕೊಂಡಿರುತ್ತವೆ. ಅಲ್ಲಿ 2024ರ ಡಿಸೆಂಬರ್ 24ರಿಂದ ಹೊಸ ಕಾನೂನು ಬಂದಿದೆ, ಹಳೇ ಮುದ್ರೆ ತೋರಿಸುತ್ತಿದ್ದರೆ ಅನುಮಾನಪಡಿ. ನಿಯಂತ್ರಕರಿಗೆ ಬರೆದರೆ ದುಡ್ಡು ಬಂದೇಬಿಡುತ್ತದೆ ಅಂತ ನಾನು ಹೇಳಲ್ಲ. ಆದರೆ ದೂರಿನ ನಂಬರನ್ನು ಸಪೋರ್ಟಿಗೆ ಕಳಿಸಿದ ಮೇಲೆ ಉತ್ತರದ ಧಾಟಿ ಬದಲಾಗಿದ್ದನ್ನು ಕಣ್ಣಾರೆ ನೋಡಿದ್ದೇನೆ.

ದುಡ್ಡಿನ ಲೆಕ್ಕಕ್ಕಿಂತ ಆಟ ಬಿಡಲು ಆಗದಿರುವುದೇ ತೊಂದರೆ ಅನ್ನಿಸಿದರೆ, ನಮ್ಮ ಊರಿನಲ್ಲೇ ನಿಮ್ಹಾನ್ಸ್ 2014ರಿಂದ ಶಟ್ ಕ್ಲಿನಿಕ್ ನಡೆಸುತ್ತಿದೆ, ಮೊಬೈಲ್, ಆನ್‌ಲೈನ್ ಆಟದ ಚಟಕ್ಕೇ ಅಂತ. ಫೋನಿನಲ್ಲಿ ಮಾತಾಡಬೇಕಾದರೆ ಟೆಲಿಮಾನಸ್ 14416, ಕನ್ನಡದಲ್ಲೂ ಮಾತಾಡುತ್ತಾರೆ.

ಬಂದ ಮೇಲೆ

ದುಡ್ಡು ಬಂದರೆ ಅವತ್ತೇ ಅಕೌಂಟ್ ಶಾಶ್ವತವಾಗಿ ಮುಚ್ಚಲು, ನಿಮ್ಮ ದಾಖಲೆ ಅಳಿಸಲು ಇಮೇಲ್ ಮಾಡಿ. ಅವರು ನಿಜವಾಗಿ ಅಳಿಸುತ್ತಾರೋ ಇಲ್ಲವೋ, ನೀವು ಕೇಳಿದ್ದಕ್ಕೆ ಗುರುತು ಇರಲಿ. ಗೆಲುವಿನ ಭಾಗ ಇದ್ದರೆ ರಿಟರ್ನ್ಸ್‌ನಲ್ಲಿ ತೋರಿಸಲೇಬೇಕು, ನೇರ 30 ಶೇಕಡಾ, ಮೇಲೆ ಸೆಸ್. ಏಜೆಂಟನಿಗೆ ಕೊಟ್ಟ 900 ರೂಪಾಯಿಯನ್ನು ಖರ್ಚು ಅಂತ ಕಳೆಯುವಂತಿಲ್ಲ.

ನಮ್ಮ ಹುಡುಗನ ವೈರ್ ಮೂವತ್ತೊಂದನೇ ದಿನ ಹೊರಟಿತು, ಯುಇಟಿಆರ್ ನಂಬರ್ ಸಿಕ್ಕಿದೆ. ಬ್ಯಾಂಕಿನವರು ಕಾರಣ ಕೇಳಿದ್ದಾರೆ, ಇದ್ದದ್ದನ್ನು ಬರೆದುಕೊಟ್ಟಿದ್ದಾನೆ, ಉತ್ತರ ಇನ್ನೂ ಬಂದಿಲ್ಲ. ಅವನು ಕೊಂಡಿದ್ದ ಎರಡನೇ ವೋಚರ್, 25 ಯೂರೋದ್ದು, ಬಳಸದೆ ಹಾಗೇ ಇದೆ. ಅದರ ಪಿನ್ ಬರೆದ ಚೀಟಿಯನ್ನು ಅಕ್ಕ ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾಳೆ.